ತೆರೆಯ ಮೇಲೆ ಹಾಲು ಉಕ್ಕಿದ ಅಥವಾ ಉಕ್ಕದ ಬಗ್ಗೆ

ಕನ್ನಡ ಗೆಳೆಯರ ಕೂಟ
(ಅಹಮದಾಬಾದ್ – ಬರೋಡಾ – ಸೂರತ್)
ಚಲನಚಿತ್ರ ಉಪಸಮಿತಿ
ಶಿಬಿರ: ಕೊಯಾಲಿ ಟೌನ್‌ಶಿಪ್, ಬರೋಡಾ

ಸಂಖ್ಯೆ: ಕಗೆಕೂ/ಚಉಸ/ಹಾಲು/11/1968-69
ದಿನಾಂಕ: 25-11-1968

ಸುತ್ತೋಲೆ

ವಿಷಯ: ರಾಜ್ಯೋತ್ಸವದ ಅಂಗವಾಗಿ ತೋರಿಸಲಾದ ಚಿತ್ರದ ಕೊನೆಯಲ್ಲಿ ಹಾಲು ಉಕ್ಕಿತೇ ಇಲ್ಲವೇ ಎಂಬ ಬಗ್ಗೆ ಸದಸ್ಯರಲ್ಲಿ ಉಂಟಾಗಿರುವ ಒಡಕು, ಮತ್ತು ಪ್ರೇಕ್ಷಕರ ನಡವಳಿಕೆಯ ನಿಯಮಗಳು.

ಉಲ್ಲೇಖ:
(ಅ) ದಿನಾಂಕ 3, 10 ಮತ್ತು 17-11-1968ರಂದು ಕ್ರಮವಾಗಿ ಅಹಮದಾಬಾದ್, ಬರೋಡಾ, ಸೂರತ್‌ಗಳಲ್ಲಿ ನಡೆದ ಪ್ರದರ್ಶನಗಳು.
(ಆ) ಸದಸ್ಯರಿಂದ ಬಂದ 47 ದೂರುಗಳು. ಇವುಗಳಲ್ಲಿ 9 ಒಂದೇ ಮನೆಯವು.
(ಇ) ಅಧ್ಯಕ್ಷರಾದ ಶ್ರೀ ವೆಂಕಟಾಚಲ ಅವರು ಹೊರಟ ಬಸ್ಸಿನ ಕಿಟಕಿಯಿಂದ ಕಾರ್ಯದರ್ಶಿಗೆ ಕೂಗಿ ನೀಡಿದ ಮೌಖಿಕ ಆದೇಶ: "ಪಟ್ಟಾಭಿರಾಮ್, ಇದನ್ನ ಏನಾದ್ರೂ ಮಾಡಿ ಮುಗಿಸಿ!"

ಪೀಠಿಕೆ

ಪೌರಾಣಿಕ ಚಿತ್ರವೊಂದನ್ನು ಕೋರಿ ಬೆಂಗಳೂರಿಗೆ ಪತ್ರ ಬರೆಯಲಾಗಿದ್ದು, ರೈಲಿನಲ್ಲಿ ಬಂದ ಡಬ್ಬಿಗಳಲ್ಲಿ ಬೇರೆಯದೇ ಚಿತ್ರವಿತ್ತು. ಹಿಂದಕ್ಕೆ ಕಳಿಸಲು ಸಮಯವಿರಲಿಲ್ಲ. ಚಕ್ಕುಲಿ ಕರಿದಾಗಿತ್ತು. ಆದ್ದರಿಂದ ತೋರಿಸಲಾಯಿತು.

ಹೆಸರು ತೆರೆಯ ಮೇಲೆ ಬಂದಾಗ ಮೂರೂ ಊರುಗಳ ಸಭಿಕರು ಕುರ್ಚಿ ಹುಡುಕುತ್ತಿದ್ದುದರಿಂದ ಅದನ್ನು ಯಾರೂ ಓದಿರುವುದಿಲ್ಲ. ಹೀಗಾಗಿ ಇಲ್ಲಿಂದ ಮುಂದೆ ಅದನ್ನು 'ಸದರಿ ಚಿತ್ರ' ಎಂದು ಕರೆಯತಕ್ಕದ್ದು.

ಸದರಿ ಚಿತ್ರವು ಒಂದು ಗಂಟೆ ನಲವತ್ತು ನಿಮಿಷದ್ದಾಗಿದ್ದು ಅದರಲ್ಲಿ ಮಾತು, ಹಾಡು, ಹೊಡೆದಾಟ ಯಾವುದೂ ಇರುವುದಿಲ್ಲ. ಒಬ್ಬ ಹೆಂಗಸು ಖಾಲಿ ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತಾಳೆ. ಪ್ರತಿ ಕೋಣೆಯಲ್ಲೂ ಅವಳೇ ಮೊದಲೇ ಬಂದು ಕೂತಿರುತ್ತಾಳೆ. ನಡುಮನೆಯಲ್ಲಿ ಒಂದು ಬಿಳಿ ಕುದುರೆ ನಿಂತಿರುತ್ತದೆ. ಯಾಕೆಂದು ಯಾರೂ ಹೇಳುವುದಿಲ್ಲ. ಕಡೆಗೆ ಆಕೆ ಅಡುಗೆಮನೆಗೆ ಬಂದು ಒಲೆಯ ಮೇಲೆ ಹಾಲಿಟ್ಟು ನಿಲ್ಲುತ್ತಾಳೆ. ಅಲ್ಲಿಂದ ಹನ್ನೊಂದು ನಿಮಿಷ ಹಾಲಿನ ಪಾತ್ರೆ ಮತ್ತು ಅವಳ ಬೆನ್ನು, ಅಷ್ಟೆ. ಹಾಲು ಅಂಚಿನವರೆಗೆ ಏರುತ್ತದೆ. ಆಗ ತೆರೆ ಪೂರ್ತಿ ಬೆಳ್ಳಗಾಗುತ್ತದೆ. ಚಿತ್ರ ಮುಗಿದಿರುತ್ತದೆ.

ಆ ಬಿಳುಪು ಉಕ್ಕಿದ ಹಾಲೆಂದು ಒಂದು ಪಂಗಡ. ಅದು ರೀಲು ಮುಗಿದ ಮೇಲಿನ ಬರೀ ಬೆಳಕೆಂದು ಇನ್ನೊಂದು ಪಂಗಡ. ಮುಂದಿನ ಸಂಕ್ರಾಂತಿಗೆ ಒಬ್ಬರಿಗೊಬ್ಬರು ಎಳ್ಳು ಬೀರುವುದಿಲ್ಲವೆಂದು ಎರಡೂ ಕಡೆಯವರು ಹಟ ಹಿಡಿದಿರುವುದರಿಂದ, ಕೆಳಕಂಡಂತೆ ಆದೇಶಿಸುವುದು ಅನಿವಾರ್ಯವಾಗಿದೆ.

1. ಒಟ್ಟು 171 ಮಂದಿ ಚಿತ್ರ ನೋಡಿದ್ದು, ಉಕ್ಕಿತೆನ್ನುವವರು 62, ಉಕ್ಕಲಿಲ್ಲವೆನ್ನುವವರು 58, ನಿದ್ದೆಯಲ್ಲಿದ್ದವರು 51 ಎಂದು ಗಣತಿಯಿಂದ ತಿಳಿದುಬಂದಿದೆ. ನಿದ್ದೆಯಲ್ಲಿದ್ದವರ ಪೈಕಿ ತಾವಾಗಿ ಒಪ್ಪಿಕೊಂಡವರು ನಾಲ್ವರು; ಮಿಕ್ಕವರನ್ನು ಅಕ್ಕಪಕ್ಕದವರು ತೋರಿಸಿಕೊಟ್ಟಿರುತ್ತಾರೆ. ಹಾಲಿನ ಬಗ್ಗೆ ಎಲ್ಲರಿಗಿಂತ ಖಚಿತವಾಗಿ ಮಾತಾಡುತ್ತಿರುವವರೂ ಇವರೇ ಎಂಬುದನ್ನು ಉಪಸಮಿತಿ ವಿಷಾದದಿಂದ ಗಮನಿಸಿದೆ.

2. ಮೇಲ್ಕಂಡ 51 ಮಂದಿಯಲ್ಲಿ ಈ ಸುತ್ತೋಲೆಗೆ ಸಹಿ ಮಾಡುತ್ತಿರುವ ಗೌರವ ಕಾರ್ಯದರ್ಶಿ ಶ್ರೀ ಪಟ್ಟಾಭಿರಾಮ ಅವರೂ (ಮುಂದೆ 'ಸದರಿ ಕಾರ್ಯದರ್ಶಿ') ಸೇರಿರುತ್ತಾರೆ. ದಿನಾಂಕ 10ರಂದು ಕೊಯಾಲಿಯ ಸಭಾಂಗಣದಲ್ಲಿ ಕುದುರೆ ಬಂದ ಹೊತ್ತಿಗೆ ಅವರ ತಲೆ ಪತ್ನಿ ಶ್ರೀಮತಿ ಕಾಮಾಕ್ಷಿಯವರ ಹೆಗಲಿಗೆ ಒರಗಿದ್ದು, ದೀಪ ಹಾಕುವವರೆಗೆ ಅಲ್ಲಿಯೇ ಇತ್ತು. ಎದ್ದ ತಕ್ಷಣ ಅಧ್ಯಕ್ಷರು ಮೈಕನ್ನು ಕೈಗಿತ್ತರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದವರ ಧಾಟಿಯಲ್ಲಿ ಸದರಿ ಕಾರ್ಯದರ್ಶಿಯವರು, "ಕೊನೇಲಿ ಏನೂ ಆಗಲಿಲ್ಲ. ಎಲ್ಲರೂ ಚಕ್ಕುಲಿ ತಗೊಂಡು ಹೋಗಿ" ಎಂದು ಸಾರಿದರು.

3. ಸದರಿ ಹೇಳಿಕೆಯ ಕ್ಷಣದಿಂದ ಶ್ರೀಮತಿ ಕಾಮಾಕ್ಷಿಯವರು ಸದರಿ ಕಾರ್ಯದರ್ಶಿಯೊಡನೆ ಮಾತು ಬಿಟ್ಟಿರುತ್ತಾರೆ. ದೀಪ ಹಾಕಿದಾಗ ಅವರ ಕಣ್ಣು ಒದ್ದೆಯಾಗಿದ್ದುದನ್ನು ನೋಡಿದವರಿದ್ದಾರೆ. ಸದರಿ ಕಾರ್ಯದರ್ಶಿ ನೋಡಿರಲಿಲ್ಲ. ಮನೆಯಲ್ಲಿ ಊಟ ವೇಳೆಗೆ ಸರಿಯಾಗಿ ಬಡಿಸಲಾಗುತ್ತಿತ್ತು. ಕಾಫಿಗೆ ಸಕ್ಕರೆ ಬೀಳುತ್ತಿತ್ತು. ಕೊಡೆ ಬಾಗಿಲ ಬಳಿ ಇರುತ್ತಿತ್ತು. ಮಾತು ಮಾತ್ರ ಇರಲಿಲ್ಲ. ಈ ಸ್ಥಿತಿಯು ಹದಿನಾಲ್ಕು ದಿನ ಮುಂದುವರಿದಿದ್ದು, ಇದರಿಂದ ಆದ ಸಂಕಟವನ್ನು ಹೇಳಲು ಯಾವ ನಮೂನೆಯಲ್ಲೂ ಕಲಂ ಇರುವುದಿಲ್ಲ. ಇದು ಕೂಟಕ್ಕೆ ಸಂಬಂಧಿಸಿದ್ದಲ್ಲವೆಂದು ಅಧ್ಯಕ್ಷರು ಅಭಿಪ್ರಾಯಪಟ್ಟಿರುತ್ತಾರೆ. ಅಧ್ಯಕ್ಷರು ಅವಿವಾಹಿತರು.

4. ಇನ್ನು ಮುಂದೆ ಪ್ರದರ್ಶನದಲ್ಲಿ ನಿದ್ದೆ ಮಾಡಲಿಚ್ಛಿಸುವವರು ಮೂರು ದಿನ ಮುಂಚೆ ಅರ್ಜಿ ಸಲ್ಲಿಸತಕ್ಕದ್ದು. ಗೊರಕೆಗೆ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು. ಯಾರ ಹೆಗಲ ಮೇಲೆ ಮಲಗಲಾಗುವುದೋ ಅವರ ಒಪ್ಪಿಗೆ ಪತ್ರವನ್ನು ಲಗತ್ತಿಸುವುದು ಕಡ್ಡಾಯ.

5. 'ನನಗೆ ಅರ್ಥವಾಯಿತು' ಎನ್ನುವವರು ಹದಿನೈದು ದಿನಗಳೊಳಗೆ ಅದನ್ನು ತಮ್ಮ ಅತ್ತೆಯವರಿಗೆ ವಿವರಿಸಿ, ಅವರಿಂದ ಸಹಿ ಪಡೆದು ಒಪ್ಪಿಸತಕ್ಕದ್ದು. 'ತಲೆಬುಡ ತಿಳಿಯಲಿಲ್ಲ' ಎನ್ನುವವರು ಈ ಮಾತನ್ನು ಒಂದು ಬಸ್ ಪ್ರಯಾಣದಲ್ಲಿ ಎರಡು ಸಲಕ್ಕಿಂತ ಹೆಚ್ಚು ಆಡತಕ್ಕದ್ದಲ್ಲ. ಗೋರ್ವಾದಿಂದ ಬರೋಡಾ ಸ್ಟೇಷನ್ನಿನವರೆಗೆ ಮೂರು ಸಲಕ್ಕೆ ರಿಯಾಯಿತಿ ಇದೆ.

6. ತೆರೆಯ ಮೇಲಿನವರಿಗೆ ಸಲಹೆ ಕೊಡುವುದನ್ನು ನಿಷೇಧಿಸಲಾಗಿದೆ. ಸೂರತ್ ಪ್ರದರ್ಶನದಲ್ಲಿ, ತೆರೆಯ ಮೇಲೆ ಹಾಲಿಟ್ಟ ಏಳನೆಯ ನಿಮಿಷಕ್ಕೆ ಶ್ರೀಮತಿ ರಮಾಮಣಿಯವರು ಎದ್ದು ನಿಂತು, "ಅಯ್ಯೋ, ಒಲೆ ಸಣ್ಣ ಮಾಡೇ ತಾಯಿ, ಹೋಗತ್ತೆ ಹೋಗತ್ತೆ!" ಎಂದು ಕೂಗಿದ್ದು, ಇದರಿಂದ ಹದಿಮೂರು ಮಂದಿ ಗೃಹಿಣಿಯರು ತಮ್ಮ ತಮ್ಮ ಒಲೆಗಳನ್ನು ನೆನೆದು ಸಭಾಂಗಣದಿಂದ ಓಡಿರುತ್ತಾರೆ. ಇಬ್ಬರ ಒಲೆ ನಿಜಕ್ಕೂ ಉರಿಯುತ್ತಿತ್ತು. ಈ ಮಟ್ಟಿಗೆ ಸದರಿ ಚಿತ್ರದ ಸಾಮಾಜಿಕ ಉಪಯೋಗವನ್ನು ಒಪ್ಪಲಾಗಿದೆ.

7. ತಜ್ಞರ ಅಭಿಪ್ರಾಯಗಳನ್ನು ಪಡೆಯಲಾಗಿದ್ದು, ಅವು ಕೆಳಕಂಡಂತಿವೆ.

ಅಹಮದಾಬಾದಿನ ಸಂಶೋಧನಾಲಯವೊಂದರಲ್ಲಿ ವಿಜ್ಞಾನಿಯಾಗಿರುವ ಶ್ರೀ ದಿವಾಕರ ಅವರು ಪಾತ್ರೆಯ ಅಗಲ, ಉರಿಯ ಎತ್ತರಗಳನ್ನು ನೆನಪಿನಿಂದ ಗುಣಿಸಿ, ಹಾಲು ಉಕ್ಕಲೇಬೇಕಿತ್ತು, ಉಕ್ಕದಿದ್ದರೆ ತಪ್ಪು ಹಾಲಿನದು ಎಂದು ನಾಲ್ಕು ಪುಟಗಳ ವರದಿ ಕೊಟ್ಟಿರುತ್ತಾರೆ.

ಸೂರತ್ತಿನ ಪಾಂಡೇಸರಾದ ಬಟ್ಟೆ ಬಣ್ಣದ ಗಿರಣಿಯಲ್ಲಿ ಮೇಸ್ತ್ರಿಯಾಗಿರುವ, ಮೂಲತಃ ಗದಗಿನವರಾದ ಶ್ರೀ ದೊಡ್ಡಣ್ಣ ಅವರು, "ಅದು ಹಾಲಿನ ಬಿಳಿ ಅಲ್ರಿ. ನೀಲಿ ಕೊಟ್ಟ ಬಿಳಿ ಐತಿ. ಇಪ್ಪತ್ತು ವರ್ಷ ಬಿಳಿ ನೋಡೇನಿ, ನನಗ ಹೇಳಬ್ಯಾಡ್ರಿ" ಎಂದು ಲಿಖಿತವಾಗಿ ತಿಳಿಸಿರುತ್ತಾರೆ. ಚಿತ್ರವು ಕಪ್ಪು-ಬಿಳುಪಿನದೆಂದು ಅವರ ಗಮನಕ್ಕೆ ತಂದಾಗ, ಅದಕ್ಕೇ ತಮ್ಮಂಥವರು ಬೇಕಾಗುವುದು ಎಂದು ಉತ್ತರ ಬಂದಿದೆ.

ಕೊಯಾಲಿ ಸಭಾಂಗಣದ ಕಾವಲುಗಾರ ಶ್ರೀ ರಣಛೋಡಭಾಯಿಯವರು ದೀಪ ಹಾಕಲು ಬಂದು, ಸ್ವಿಚ್ಚಿನ ಮೇಲೆ ಕೈಯಿಟ್ಟು ಕೊನೆಯವರೆಗೂ ನಿಂತಿದ್ದು, "ಪಛೀ ಶು ಥಯು?" ಎಂದು ಕೇಳಿರುತ್ತಾರೆ. ಆಮೇಲೆ ಏನಾಯಿತು ಎಂಬುದು ಇದರ ತಾತ್ಪರ್ಯ. ಇಂಥದೊಂದು ಪ್ರಶ್ನೆ ಕೂಟದ ಒಬ್ಬ ಸದಸ್ಯರಿಗೂ ಹೊಳೆದಿಲ್ಲವೆಂಬುದನ್ನು ದಾಖಲಿಸಲಾಗಿದೆ.

8. ಇತ್ಯರ್ಥವಾಗುವವರೆಗೆ ಉಕ್ಕಿದ ಪಂಗಡದವರ ಮನೆಗೆ ಉಕ್ಕದ ಪಂಗಡದವರು ಹೋದಾಗ ಕಾಫಿಯ ಬದಲು ನಿಂಬೆ ಪಾನಕವನ್ನೇ ಕೊಡತಕ್ಕದ್ದು. ಎರಡು ಪಂಗಡಕ್ಕೆ ಸೇರಿದ ದಂಪತಿಗಳು ಮೊಸರಿನ ವಿಷಯದಲ್ಲಿ ತಮ್ಮೊಳಗೇ ಹೊಂದಾಣಿಕೆ ಮಾಡಿಕೊಳ್ಳತಕ್ಕದ್ದು.

9. ಸಂಕ್ರಾಂತಿಯಂದು ಇಲ್ಲಿ ಹಾರಿಸುವ ಉತ್ತರಾಯಣದ ಗಾಳಿಪಟಗಳ ಮೇಲೆ ಹಾಲಿನ ಪಾತ್ರೆಯ ಚಿತ್ರ ಬರೆಯುವುದನ್ನು ನಿಷೇಧಿಸಲಾಗಿದೆ. ಕುದುರೆ ಬರೆಯಬಹುದು, ಅದರ ಬಗ್ಗೆ ತಕರಾರು ಬಂದಿಲ್ಲ.

10. ಮೇಲ್ಕಂಡ ಅಭಿಪ್ರಾಯಗಳಿಂದ ಏನೂ ತೀರ್ಮಾನವಾಗದ ಕಾರಣ, ದಿನಾಂಕ 24-11-1968ರ ಭಾನುವಾರ ಬೆಳಿಗ್ಗೆ ಸದರಿ ಕಾರ್ಯದರ್ಶಿಯವರು ತಮ್ಮ ಮನೆಯಲ್ಲೇ ಪ್ರಾಯೋಗಿಕ ಪರೀಕ್ಷೆ ನಡೆಸಿರುತ್ತಾರೆ. ಪರೀಕ್ಷೆಯ ಟಿಪ್ಪಣಿ ಹೀಗಿದೆ:

ಗಂಟೆ 6-42. ಶ್ರೀಮತಿ ಕಾಮಾಕ್ಷಿಯವರು ಎಂದಿನಂತೆ ಪಂಪ್ ಸ್ಟೋವಿನ ಮೇಲೆ ಒಂದು ಲೀಟರ್ ಹಾಲಿಟ್ಟರು. ಸದರಿ ಕಾರ್ಯದರ್ಶಿ ಕುರ್ಚಿ, ಕೈಗಡಿಯಾರ, ಟಿಪ್ಪಣಿ ಪುಸ್ತಕಗಳೊಂದಿಗೆ ಹಾಜರಾದರು.

6-44. ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ತಳ್ಳಲಾಯಿತು. ಪರೀಕ್ಷೆಯನ್ನು ನಿಂತು ಮುಂದುವರಿಸಲಾಯಿತು.

6-46. ಏನೂ ಆಗಲಿಲ್ಲ ಎಂದು ಬರೆಯಲಾಯಿತು. ಶ್ರೀಮತಿ ಕಾಮಾಕ್ಷಿಯವರು ಬಗ್ಗಿ ಅದನ್ನು ಓದಿದರು.

6-47. ಹದಿನಾಲ್ಕು ದಿನಗಳ ನಂತರ ಮೊದಲ ಬಾರಿಗೆ ಮಾತಾಡಿದರು. "ಮದುವೆಯಾಗಿ ಹದಿನಾರು ವರ್ಷ ಆಯ್ತು. ದಿನಾ ಹೀಗೇ ನಿಂತಿರ್ತೀನಿ. ಇದೊಂದೇ ಹೊತ್ತು ನಂದು. ಇಲ್ಲಿ ನಿಂತ್ಕೊಂಡು ನಾನು ಎಲ್ಲೆಲ್ಲಿಗೋ ಹೋಗಿ ಬರ್ತೀನಿ, ರೀ. ಅದನ್ನ ಯಾರೋ ಪುಣ್ಯಾತ್ಮ ಸಿನಿಮಾ ತೆಗ್ದಿದಾನೆ. ನೀವು ನೋಡಿದ್ರೆ ಏನೂ ಆಗಲಿಲ್ಲ ಅಂತ ಮೈಕ್‌ನಲ್ಲಿ ಹೇಳ್ಬಿಟ್ರಿ."

6-49. ಎಲ್ಲಿಗೆ ಹೋಗಿ ಬರುವುದು ಎಂದು ವಿಚಾರಿಸಲಾಯಿತು. ಹದಿನಾರು ವರ್ಷಗಳಲ್ಲಿ ಈ ಬಗ್ಗೆ ವಿಚಾರಣೆ ನಡೆದದ್ದು ಇದೇ ಪ್ರಥಮ. ಉತ್ತರ ದೊರೆಯಿತು. ಉತ್ತರವನ್ನು ಕಡತಕ್ಕೆ ಸೇರಿಸತಕ್ಕದ್ದಲ್ಲ.

6-51. ಉತ್ತರ ಮುಂದುವರಿಯಿತು. ಟಿಪ್ಪಣಿ ಪುಸ್ತಕವನ್ನು ಒಲೆಯ ಪಕ್ಕ ಇಡಲಾಯಿತು.

ಇಲ್ಲಿಂದ ಮುಂದೆ ಟಿಪ್ಪಣಿ ಇರುವುದಿಲ್ಲ. ಮತ್ತೆ ಗಡಿಯಾರ ನೋಡಿದಾಗ ಗಂಟೆ 7-05 ಆಗಿದ್ದು, ಸ್ಟೋವ್ ಆರಿತ್ತು, ಹಾಲು ಕಟ್ಟೆಯಿಂದಿಳಿದು ಬಾಗಿಲವರೆಗೆ ಹರಿದಿತ್ತು. ಇಬ್ಬರು ಸಾಕ್ಷಿಗಳು ಎರಡು ಅಡಿ ದೂರದಲ್ಲಿ ಎಚ್ಚರವಾಗಿ ನಿಂತಿದ್ದಾಗ್ಯೂ ಹಾಲು ಉಕ್ಕಿದ್ದನ್ನು ಯಾರೂ ನೋಡಿರುವುದಿಲ್ಲ.

11. ಕಣ್ಣೆದುರಿನ ಹಾಲಿನ ಬಗ್ಗೆಯೇ ಸಾಕ್ಷ್ಯ ದೊರೆಯದಿರುವಾಗ ತೆರೆಯ ಮೇಲಿನ ಹಾಲಿನ ಬಗ್ಗೆ ತೀರ್ಪು ಕೊಡುವುದು ಉಪಸಮಿತಿಯ ವ್ಯಾಪ್ತಿಗೆ ಮೀರಿದ್ದಾಗಿದೆ. ಆದ್ದರಿಂದ ಎರಡೂ ಪಂಗಡಗಳನ್ನು ವಿಸರ್ಜಿಸಲಾಗಿದ್ದು, ಎಳ್ಳನ್ನು ಎಂದಿನಂತೆ ಬೀರತಕ್ಕದ್ದು. ಕಲಂ 8 ಮತ್ತು 9ನ್ನು ರದ್ದುಪಡಿಸಲಾಗಿದೆ. ಕಲಂ 4 ಮಾತ್ರ ಸದರಿ ಕಾರ್ಯದರ್ಶಿಗೆ ಆಜೀವ ಅನ್ವಯಿಸುತ್ತದೆ.

12. ದಿನಾಂಕ 10ರಂದು ಮೈಕಿನಲ್ಲಿ ನೀಡಲಾದ 'ಏನೂ ಆಗಲಿಲ್ಲ' ಎಂಬ ಹೇಳಿಕೆಯನ್ನು ಈ ಮೂಲಕ ಬೇಷರತ್ತಾಗಿ ಹಿಂತೆಗೆದುಕೊಳ್ಳಲಾಗಿದೆ. ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ಹಿಂತೆಗೆದುಕೊಳ್ಳಬೇಕೆಂದು ಸಂಬಂಧಪಟ್ಟವರು ಸೂಚಿಸಿರುವುದರಿಂದ, ಮುಂದಿನ ಭಾನುವಾರ ಸಂಜೆ 5ಕ್ಕೆ ಅದೇ ಸಭಾಂಗಣದಲ್ಲಿ ಸದರಿ ಚಿತ್ರವನ್ನು ಮತ್ತೊಮ್ಮೆ ತೋರಿಸಿ, ಆ ಬಳಿಕ ಹಾಗೆಯೇ ಮಾಡಲಾಗುವುದು. ಬರಲೇಬೇಕೆಂದು ಯಾರಿಗೂ ಬಲವಂತವಿಲ್ಲ. ಎರಡು ಕುರ್ಚಿಗಳನ್ನು ಈಗಾಗಲೇ ಕಾದಿರಿಸಲಾಗಿದೆ.

(ಸಹಿ)
ಪಟ್ಟಾಭಿರಾಮ
ಗೌರವ ಕಾರ್ಯದರ್ಶಿ, ಚಲನಚಿತ್ರ ಉಪಸಮಿತಿ
(ಎಚ್ಚರವಾಗಿದ್ದು ಸಹಿ ಮಾಡಿರುತ್ತಾರೆ)

ಪ್ರತಿಗಳು:
1. ಶ್ರೀ ವೆಂಕಟಾಚಲ, ಅಧ್ಯಕ್ಷರು – ಮಾಹಿತಿಗಾಗಿ. ಮದುವೆಯಾದ ಮೇಲೆ ಇನ್ನೊಮ್ಮೆ ಓದುವ ಸಲುವಾಗಿ.
2. ಶ್ರೀ ದಿವಾಕರ, ಅಹಮದಾಬಾದ್ – ನಾಲ್ಕು ಪುಟಗಳ ವರದಿಯನ್ನು ವಂದನೆಗಳೊಂದಿಗೆ ಹಿಂದಿರುಗಿಸಿದೆ. ಲೆಕ್ಕ ಸರಿಯಿತ್ತು.
3. ಶ್ರೀ ದೊಡ್ಡಣ್ಣ, ಸೂರತ್ – ಹಾಲು ಒರೆಸಿದ ಬಟ್ಟೆಯ ತುಂಡನ್ನು ಲಗತ್ತಿಸಿದೆ. ಬಿಳಿಯನ್ನು ಪರಿಶೀಲಿಸಿ ತಿಳಿಸುವುದು.
4. ಶ್ರೀಮತಿ ರಮಾಮಣಿ, ಸೂರತ್ – ಒಲೆ ಆರಿಸಿ ಓದತಕ್ಕದ್ದು.
5. ಶ್ರೀ ರಣಛೋಡಭಾಯಿ, ಕಾವಲುಗಾರರು – ಅವರ ಪ್ರಶ್ನೆಗೆ ಉತ್ತರವಾಗಿ, ಕಲಂ 10ನ್ನು ಗುಜರಾತಿಯಲ್ಲಿ ಓದಿ ಹೇಳತಕ್ಕದ್ದು.
6. ಶ್ರೀಮತಿ ಕಾಮಾಕ್ಷಿ – ಖುದ್ದಾಗಿ, ಪ್ರತಿದಿನ ಬೆಳಿಗ್ಗೆ 6-42ಕ್ಕೆ, ಕುರ್ಚಿಯಿಲ್ಲದೆ.
7. ಕಚೇರಿ ಕಡತ – ಪರೀಕ್ಷೆಯ ಟಿಪ್ಪಣಿ ಪುಸ್ತಕದೊಂದಿಗೆ. ಹಾಲು ಬಿದ್ದು ಹಾಳೆಗಳು ಅಂಟಿಕೊಂಡಿವೆ. ಬಿಡಿಸತಕ್ಕದ್ದಲ್ಲ.