ಹೊಟ್ಟೆನೋವಿನ ಬಗ್ಗೆ ಮಾವನವರಿಗೆ ಬರೆದ ಕಾಗದ

ನನ್ನ ಹೊಟ್ಟೆನೋವಿಗೆ ಕಾರಣವನ್ನು ಡಾಕ್ಟರಿಗಿಂತ ಮೊದಲು ನಾನೇ ಕಂಡುಹಿಡಿದೆ. ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವವನಿಗೆ ಇದೇನು ದೊಡ್ಡ ವಿಷಯ? ನೋವು ಬರುತ್ತಿದ್ದದ್ದು ಊಟವಾದ ಮೇಲೆ. ಊಟ ಬಡಿಸುತ್ತಿದ್ದವಳು ನನ್ನ ಹೆಂಡತಿ ಗಿರಿಜಾ. ಅವಳು ದಾವಣಗೆರೆ ಕಡೆಯವಳು, ಕೈ ಸ್ವಲ್ಪ ಖಾರ. ತೀರ್ಪು ಬರೆಯಲು ಇನ್ನೇನು ಬೇಕು!

ಎಪ್ಪತ್ತರ ದಶಕದ ಕೊನೆ ಅದು. ಬನಶಂಕರಿಯಲ್ಲಿ ಬಾಡಿಗೆಗಿದ್ದೆವು. ಮದುವೆಯಾಗಿ ಎಂಟು ವರ್ಷವಾಗಿತ್ತು. ಆ ಎಂಟು ವರ್ಷವೂ ಅದೇ ಖಾರವನ್ನು ಬೆರಳು ಚೀಪಿಕೊಂಡು ತಿಂದು, ಕಡ್ಡಿಯಂತಿದ್ದವನು ಬಸ್ಸಿನಲ್ಲಿ ಒಂದೂವರೆ ಸೀಟು ಹಿಡಿಯುವಂತಾಗಿದ್ದೆ. ಈ ಅಂಶವನ್ನು ತೀರ್ಪು ಗಣನೆಗೆ ತೆಗೆದುಕೊಳ್ಳಲಿಲ್ಲ.

ನಮ್ಮ ಬೀದಿಯ ಡಾಕ್ಟರು ಅಂಗಿಯ ಮೇಲಿಂದಲೇ ಹೊಟ್ಟೆ ಒತ್ತಿ, ಮನೆಯಲ್ಲಿ ಏನು ಊಟ ಎಂದು ಕೇಳಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಂದು ದೂರು ಹೇಳುವಾಗಲೇ ಬಾಯಲ್ಲಿ ನೀರೂರಿತು. ಖಾರ ಬಿಡಿ ಎಂದರು. ಕಾಂಪೌಂಡರು ಸೀಸೆಗೆ ಅಳತೆಯ ಕಾಗದ ಅಂಟಿಸಿ ಗುಲಾಬಿ ಬಣ್ಣದ ಔಷಧಿ ತುಂಬಿಕೊಟ್ಟರು.

ಗಿರಿಜಾ ಮೆಣಸಿನಕಾಯಿ ಡಬ್ಬವನ್ನು ಅಟ್ಟಕ್ಕೆ ಏರಿಸಿ, ನನ್ನ ಜೊತೆ ತಾನೂ ಗಂಜಿ ಕುಡಿದಳು. ಸಪ್ಪೆಯನ್ನು ಯಾರು ಹೊಟ್ಟೆ ತುಂಬ ಉಣ್ಣುತ್ತಾರೆ? ನಾನು ತಿನ್ನುವುದು ಕಡಿಮೆಯಾಯಿತು, ನೋವೂ ಕಡಿಮೆಯಾಯಿತು. ಪುರಾವೆ ಸಿಕ್ಕಂತಾಯಿತು!

ಒಂದು ಸಂಜೆ ಮಾತ್ರ ಎಡವಟ್ಟಾಯಿತು. ಗಂಜಿಗೆ ಬೇಸತ್ತು ಜಯನಗರದ ಹೋಟೆಲೊಂದರಲ್ಲಿ ಎರಡು ಮಸಾಲೆ ದೋಸೆ, ಮೇಲೊಂದು ಕೇಸರಿಬಾತು ಹೊಡೆದೆ. ಹೊರಗೆ ಬರುವಷ್ಟರಲ್ಲಿ ಅದೇ ನೋವು ಹಿಡಿದು ಬಸ್ ಸ್ಟಾಪಿನಲ್ಲಿ ಕುಕ್ಕರಿಸಿದೆ. ಹೋಟೆಲಿನ ದೋಸೆ ಗಿರಿಜಾ ಹುಯ್ದದ್ದಲ್ಲ. ಪ್ರಾಮಾಣಿಕನಾದವನು ಅಲ್ಲೇ ತೀರ್ಪು ತಿದ್ದುತ್ತಿದ್ದ. ನಾನು ಮನೆಗೆ ಬಂದು ಬೆಳಗಿನ ಸಾರಿನ ಮೇಲೆ ತಪ್ಪು ಹೊರಿಸಿದೆ.

"ಸಾರಿಗೆ ಖಾರಾನೇ ಹಾಕಿರ್ಲಿಲ್ಲ ರೀ," ಎಂದಳು ಗಿರಿಜಾ.

"ಹಾಗಾದ್ರೆ ನಿನ್ನ ಕೈಯಲ್ಲೇ ಏನೋ ಇದೆ," ಎಂದೆ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಒಗ್ಗರಣೆಯ ಘಾಟು ಎಂದುಕೊಳ್ಳೋಣವೆಂದರೆ ಮೆಣಸಿನಕಾಯಿ ಅಟ್ಟದ ಮೇಲಿತ್ತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಮರುದಿನ ಕಚೇರಿಯಲ್ಲಿ ಕೂತು, ಅವಳಿಗೆ ತಿಳಿಸದೆ, ಅವಳ ತಂದೆಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. 'ತಮ್ಮ ಸುಪುತ್ರಿಯ ಪಾಕದ ಪರಿಣಾಮವಾಗಿ ನನ್ನ ಉದರವು ದಿನೇದಿನೇ ಕ್ಷೀಣಿಸುತ್ತಿದ್ದು, ಆಕೆಯನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡು ಸೂಕ್ತ ತರಬೇತಿ ನೀಡಬೇಕಾಗಿ ವಿನಂತಿ.' ಬರೆಯುವಾಗ ಆ ಕ್ಷೀಣಿಸುತ್ತಿದ್ದ ಉದರ ಮೇಜಿಗೆ ಒತ್ತುತ್ತಿತ್ತು.

ಎರಡು ದಿನದ ಮೇಲೆ ಡಾಕ್ಟರು ಎಕ್ಸ್‌ರೇ ತೆಗೆಸಲು ಹೇಳಿದರು. ಗಿರಿಜಾಳೂ ಜೊತೆಗೆ ಬಂದಳು. ಮೈಮೇಲೆ ಲೋಹದ ವಸ್ತು ಇರಬಾರದು ಎಂದರು ಎಕ್ಸ್‌ರೇಯವರು. ಗಡಿಯಾರ, ಉಂಗುರ ತೆಗೆದೆ. ಉಡುದಾರವನ್ನೂ ತೆಗೆಯಿರಿ ಎಂದರು.

ಮದುವೆಯಲ್ಲಿ ಮಾವನವರು ನನ್ನ ಸೊಂಟಕ್ಕೆ ಹಾಕಿದ್ದ ಬೆಳ್ಳಿ ಉಡುದಾರ ಅದು. ಬದುಕಿರುವ ಗಂಡಸಿನ ಸೊಂಟ ಬರಿದಾಗಬಾರದು ಎಂದು ನಮ್ಮಮ್ಮ ಹೇಳಿದ್ದರಿಂದ ಎಂಟು ವರ್ಷದಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಇದೆಯೆಂಬುದೇ ಮರೆತುಹೋಗಿತ್ತು. ಈಗ ಹುಡುಕಿದರೆ ಕೈಗೇ ಸಿಗಲಿಲ್ಲ. ಹೊಟ್ಟೆಯ ಮಡಿಕೆಯಲ್ಲಿ ಹೂತುಹೋಗಿತ್ತು!

ನಾನು ಎಳೆದೆ, ಎಕ್ಸ್‌ರೇಯವರು ಎಳೆದರು, ಕೊಂಡಿ ಜಗ್ಗಲಿಲ್ಲ. ಕೊನೆಗೆ ಗಿರಿಜಾಳನ್ನು ಒಳಗೆ ಕರೆದರು. ಅವಳು ಕೂದಲಿನ ಪಿನ್ನು ತೆಗೆದು ಮೆಲ್ಲಗೆ ಮೀಟಿದಳು. ಟಕ್ಕೆಂದು ಬಿಚ್ಚಿಕೊಂಡಿತು. ಹೊಟ್ಟೆ ಮುಂದಕ್ಕೆ ಬಂತು, ಉಸಿರು ಪೂರ್ತಿ ಇಳಿಯಿತು. ಸೊಂಟದ ಸುತ್ತ ಕೆಂಪಗೆ ಬರೆ ಬಿದ್ದಿತ್ತು.

ಫಿಲಂನಲ್ಲಿ ಏನೂ ಇರಲಿಲ್ಲ. ಡಾಕ್ಟರು ಅದನ್ನು ಬದಿಗಿಟ್ಟು ಬರೆಯನ್ನೂ ಉಡುದಾರವನ್ನೂ ನೋಡಿದರು.

"ಊಟ ಮಾಡಿದ್ರೆ ಹೊಟ್ಟೆ ಹಿಗ್ಗುತ್ತೆ ಸಾರ್, ಬೆಳ್ಳಿ ಹಿಗ್ಗಲ್ಲ. ಅಷ್ಟೇ ನಿಮ್ ಕಾಯಿಲೆ."

ಮನೆಗೆ ಬಂದು ಗಿರಿಜಾ ಮೆಣಸಿನಕಾಯಿ ಡಬ್ಬ ಇಳಿಸಿದಳು. ನಾನು ಅಂಚೆಗೆ ಹಾಕಿದ್ದ ಕಾಗದವನ್ನು ನೆನೆದು ಬೆವೆತೆ.

ಮರುದಿನ ಬೆಳಿಗ್ಗೆ ಮಾವನವರು ಬಾಗಿಲಲ್ಲಿ ನಿಂತಿದ್ದರು. ಬಡಕಲು ಜೀವ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನನ್ನ ಕಾಗದ. ನೀರು ಕೂಡ ಮುಟ್ಟದೆ ಕೈಮುಗಿದರು.

"ತಾಯಿ ಇಲ್ದ ಮಗಳು, ಅಳಿಯಂದ್ರೇ. ಅಡುಗೆ ನಾನೇ ಕಲ್ಸಿದ್ದು. ತಪ್ಪಾಗಿದ್ರೆ ಅದು ನಂದು."

ಗಿರಿಜಾ ಅವರ ಕೈಯಿಂದ ಕಾಗದ ತೆಗೆದುಕೊಂಡು ಪೂರ್ತಿ ಓದಿದಳು. ಮಡಿಸಿ ನನ್ನ ಕೈಗೆ ಕೊಟ್ಟಳು.

"ನೀವೇ ಹೇಳ್ರಿ ಅಪ್ಪಂಗೆ," ಎಂದಳು.

ಹೇಳಿದೆ. ಉಡುದಾರ, ಪಿನ್ನು, ಗಂಜಿ, ಕೊನೆಗೆ ಹೋಟೆಲಿನ ಎರಡು ದೋಸೆಯನ್ನೂ ಬಿಡದೆ ಹೇಳಿದೆ. ಮಾವನವರು ಎರಡು ಬಾರಿಸಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ಅವರು ಉಡುದಾರ ಕೇಳಿ ಪಡೆದು, ಗೇಣಿನಲ್ಲಿ ಅಳೆದು, ತಾವೇ ಅಳತೆ ಕಮ್ಮಿ ಮಾಡಿಸಿದ್ದೆಂದು ನೊಂದುಕೊಂಡರು! ಅಕ್ಕಸಾಲಿಗರ ಹತ್ತಿರ ನಾಲ್ಕು ಕೊಂಡಿ ಸೇರಿಸಿ ತರುತ್ತೇನೆಂದರು.

ಅಡುಗೆಮನೆಯಿಂದ ಒಗ್ಗರಣೆಯ ಘಾಟಿನ ಜೊತೆಗೇ ಗಿರಿಜಾಳ ದನಿ ಬಂತು.

"ನಾಲ್ಕು ಸಾಲಲ್ಲ ಅಪ್ಪಾ, ಹತ್ತು ಸೇರ್ಸು. ಇನ್ಮೇಲೂ ಅಡುಗೆ ಮಾಡೋಳು ನಾನೇ."

ನಾನು ನಾಚಿಕೆಯಿಂದ ತಲೆ ತಗ್ಗಿಸಿ ನನ್ನ ಪಾದ ನೋಡಲು ಹೋದೆ. ಕಾಣಿಸಲಿಲ್ಲ. ಹೊಟ್ಟೆ ಅಡ್ಡವಿತ್ತು.