ಹುಲ್ಲಿನ ಮರೆಯಲ್ಲಿ ಬಿಲ್ಲೋಜ

ಈ ಸಲ ನಮೀಬಿಯಾದಲ್ಲಿ ಕುಡು ಅನ್ನೋ ದೊಡ್ಡ ಕೊಂಬಿನ ಜಿಂಕೆ ಹೊಡೆಯದೆ ವಾಪಸ್ ಬಂದರೆ ನನ್ನ ಹೆಸರು ವೆಂಡೆಲ್ಲೇ ಅಲ್ಲ! ಹಾಗಂತ ಮೊಂಟಾನಾದ ನಮ್ಮ ಬಿಲ್ಲುಗಾರರ ಕೂಟದಲ್ಲಿ ಮೇಜು ಗುದ್ದಿ ಘೋಷಿಸಿಬಿಟ್ಟೆ. ನನ್ನದು ಚಕ್ರ, ದುರ್ಬೀನು ಸಿಕ್ಕಿಸಿದ ಈಗಿನ ಕಾಲದ ಬಿಲ್ಲಲ್ಲ ಸ್ವಾಮಿ! ನಾನೇ ಕೆತ್ತಿದ ಮರದ ಬಿಲ್ಲು, ಟರ್ಕಿ ಕೋಳಿಯ ಗರಿ ಕಟ್ಟಿದ ಬಾಣ. ಪ್ರಾಣಿ ಹದಿನೈದು ಹೆಜ್ಜೆ ಹತ್ತಿರ ಬಂದಮೇಲೇ ಹೊಡೆಯಬೇಕು.

"ಅಷ್ಟು ಹತ್ತಿರ ಬಂದ್ರೆ ಹೊಡೀತೀಯೋ, ಓಡ್ತೀಯೋ?" ಅಂದಳು ಹೆಂಡತಿ ಆರ್ಲೀನ್. ಅವಳೂ ಬಿಲ್ಲು ಹಿಡಿದವಳೇ. ಗುರಿಯಲ್ಲಿ ನನಗಿಂತ ಒಂದು ಕೈ ಮೇಲು. ಈ ವಿಷಯ ಕೂಟದವರಿಗೆ ಹೇಳಿಲ್ಲ.

ನಮೀಬಿಯಾಕ್ಕೆ ಬಂದಿಳಿದ ಮೇಲೆ, ನಮಗೆ ಬೇಟೆಯ ದಾರಿ ತೋರಿಸುವ ಗೆರ್ಸನ್, ನೀರಿನ ಹೊಂಡದ ಪಕ್ಕ ಒಣಹುಲ್ಲು ಹೊದಿಸಿದ ಒಂದು ಗೂಡಿನೊಳಗೆ ನಮ್ಮನ್ನು ಕೂರಿಸಿದ. "ಮಾತಾಡಬೇಡಿ, ಕೆಮ್ಮಬೇಡಿ, ಅಲುಗಾಡಬೇಡಿ."

"ಇವನಿಗೆ ಮೊದಲನೇದೇ ಕಷ್ಟ," ಅಂದಳು ಆರ್ಲೀನ್.

ಎರಡು ದಿನ ನೊಣ ಬಿಟ್ಟು ಯಾರೂ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಮುಳ್ಳುಪೊದೆ ಸರಿಯಿತು. ಕುಡು! ಬೂದು ಮೈಮೇಲೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ, ಆಕಾಶಕ್ಕೆ ತಿರುಚಿ ಹೋದ ಎರಡು ಕೊಂಬು. ಅಬ್ಬಾ! ದೇವಸ್ಥಾನದ ಒಳಗೆ ನಿಂತಹಾಗೆ ಅನಿಸಿತು.

"ವೆಂಡೆಲ್, ಹೊಡಿ," ಆರ್ಲೀನ್ ಪಿಸುಗುಟ್ಟಿದಳು.

ಹೆದೆ ಎಳೆದೆ. ಎದೆ ನಡುಗಿತು. ನಡುಗಿದ ಎದೆಗೆ ಧೈರ್ಯ ಬರಲೆಂದು ಎದ್ದು ನಿಂತೆ. ಬಿಲ್ಲಿನ ತುದಿ ಗೂಡಿನ ಗಳುವಿಗೆ ಸಿಕ್ಕಿಕೊಂಡಿತು, ಜಗ್ಗಿದೆ. ದಡಾರ್! ಇಡೀ ಚಾವಣಿ ನಮ್ಮಿಬ್ಬರ ತಲೆಮೇಲೆ! ಬಾಣ ನನ್ನ ಬೂಟಿನ ಪಕ್ಕದಲ್ಲೇ ನೆಲಕ್ಕೆ ನಾಟಿತು. ಕುಡು ಮಾಯ.

"ಮಹಾವೀರ," ಹುಲ್ಲಿನೊಳಗಿಂದ ಆರ್ಲೀನ್ ದನಿ ಬಂತು. "ನನ್ನ ಕಾಲ ಮೇಲಿಂದ ಏಳ್ತೀಯಾ?"

ಏಳಲು ಹೊರಟವನು ಅಲ್ಲೇ ಕಲ್ಲಾದೆ. ಕುಡು ಓಡಿದ್ದು ನನಗೆ ಹೆದರಿ ಅಲ್ಲ. ಹೊಂಡದ ಆಚೆ ಆನೆಗಳು! ಒಂದಲ್ಲ, ಎರಡಲ್ಲ, ಒಂಬತ್ತು. ಅಷ್ಟು ದೊಡ್ಡ ದೇಹ, ಹೆಜ್ಜೆ ಸದ್ದೇ ಇಲ್ಲ!

ಮುಂದಿದ್ದ ಮುದಿ ಹೆಣ್ಣಾನೆ ನೀರು ಕುಡಿದು ನೆಟ್ಟಗೆ ನಮ್ಮ ಕಡೆ ಬಂತು. ಸೊಂಡಿಲು ಚಾಚಿ ನನ್ನ ತಲೆಮೇಲಿದ್ದ ಹುಲ್ಲು ಕಿತ್ತಿತು. ನಿಧಾನವಾಗಿ ತಿಂದಿತು. ಇನ್ನೊಂದು ಹಿಡಿ. ಮತ್ತೊಂದು. ಒಂದೊಂದು ತುತ್ತಿಗೂ ನಾನು ಒಂದೊಂದು ಗೇಣು ಬಯಲಾಗುತ್ತಿದ್ದೆ! ಕೊನೆಗೆ ಅದರ ಕಣ್ಣು ನನ್ನ ಕಣ್ಣಿನ ಎದುರಿಗೇ. ಜೇನುಬಣ್ಣ, ಉದ್ದ ರೆಪ್ಪೆ. ಬೆಚ್ಚನೆಯ ಉಸಿರು ಮುಖಕ್ಕೆ ಬಡಿಯಿತು. ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟು ದೊಡ್ಡ ಜೀವ, ಇಷ್ಟು ಸಣ್ಣ ನನ್ನನ್ನು ನೋಡಿತಲ್ಲ! ಆರ್ಲೀನ್ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಅವಳ ಕೆನ್ನೆ ಒದ್ದೆ.

ಆನೆ ಒಮ್ಮೆ ಬುಸ್ಸೆಂದು, ತಿರುಗಿ, ತನ್ನವರನ್ನು ಕರೆದುಕೊಂಡು ಹೋಯಿತು.

ಗೆರ್ಸನ್ ಏದುಸಿರು ಬಿಡುತ್ತಾ ಓಡಿಬಂದ. ನೋಡಿದರೆ ಹುಲ್ಲಿಲ್ಲದ ಬರೀ ಗಳುಗಳು, ಆನೆಯ ಹೆಜ್ಜೆ, ಬಟಾಬಯಲಲ್ಲಿ ಕೂತ ನಾವು. "ಅಯ್ಯೋ! ಗೂಡನ್ನೇ ತಿಂದಿದೆ! ನಿಮ್ಮನ್ನ ಮುಟ್ಟಲಿಲ್ವಾ ಯಜಮಾನ್ರೆ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಆರ್ಲೀನ್ ಕಣ್ಣೊರೆಸಿಕೊಂಡು, ಬಟ್ಟೆ ಕೊಡವಿ ಎದ್ದಳು.

"ಆನೆಗೆ ಅಷ್ಟೂ ತಿಳಿಯಲ್ವಾ ಗೆರ್ಸನ್? ಹುಲ್ಲೆಲ್ಲಾ ತಿಂತು, ಜೊಳ್ಳು ಬಿಟ್ಟು ಹೋಯ್ತು!"