ಹಮೀದಾಕನ ಕಂಪ್ಯೂಟರಿಗೆ ನನ್ನ ಗಂಟಲು

ಕಂಪ್ಯೂಟರ್ ಕಲಿತವನು ನಾಲ್ಕು ಜನರ ಮುಂದೆ ಎಂದೂ ಆಡಬಾರದ ಮಾತೊಂದಿದೆ: "ಅಷ್ಟೇನಾ?" ನನಗದು ಬಿಕ್ಕಳಿಕೆಯಂತೆ ತಾನಾಗಿ ಬರುತ್ತದೆ. ಈ ಕೊಲ್ಲಿ ದೇಶಕ್ಕೆ ದುಡಿಯಲು ಬಂದ ಮೇಲೆ, ಅಬ್ಬಾಸಿಯಾದ ನಮ್ಮ ರೂಮಿನಲ್ಲಿ ಮಿಕ್ಸರ್ ಕೆಟ್ಟಾಗ "ಅಷ್ಟೇನಾ?" ಎಂದು ಬಿಚ್ಚಿದ್ದೆ. ಅಂದಿನಿಂದ ನಾವು ಆರು ಜನ ಚಟ್ನಿಯನ್ನು ನೆನಪಿನಲ್ಲೇ ತಿನ್ನುತ್ತಿದ್ದೇವೆ.

ನಾನು ಕೆಲಸಕ್ಕಿರುವುದು ಶುಐಬಾದ ಪೈಪು, ವಾಲ್ವುಗಳ ಗೋದಾಮಿನಲ್ಲಿ. ಅಲ್ಲಿನ ಸ್ಟೋರ್‌ಕೀಪರ್ ಹಮೀದ್ ಕಾಕಾ, ನಮ್ಮ ಬಾಯಲ್ಲಿ ಹಮೀದಾಕ, ಪುತ್ತೂರಿನ ಕಡೆಯವರು. ಹದಿನೆಂಟು ವರ್ಷದಿಂದ ಅವರಿಗೆ ಒಂದೇ ಕಂಪ್ಯೂಟರು, ಹಸಿರು ಅಕ್ಷರದ ಒಂದೇ ಹಳೇ ಕಾಲದ ಡಾಸ್ ಪ್ರೋಗ್ರಾಮು. ಪರದೆ ನೋಡದೆಯೇ ಕೀಲಿ ಒತ್ತುತ್ತಿದ್ದರು. ಒಂದು ಬೆಳಿಗ್ಗೆ ಅದು ಹೊಗೆ ಬಿಟ್ಟು ಸತ್ತಿತು. ಉಳಿದದ್ದು ಫ್ಲಾಪಿಗಳಲ್ಲಿದ್ದ ಪ್ರೋಗ್ರಾಮು ಮಾತ್ರ.

"ಹೊಸ ಸಾಫ್ಟ್‌ವೇರ್ ತರ್ತೇನೆ, ಅದನ್ನು ಬಲ್ಲ ಹೊಸ ಆಳನ್ನೂ ತರ್ತೇನೆ. ಹಮೀದ್ ಖಲಾಸ್, ಊರಿಗೆ" ಅಂದರು ಮ್ಯಾನೇಜರ್. ಹಮೀದಾಕನ ಮುಖ ನೋಡಿ ನನಗೆ ಬಿಕ್ಕಳಿಕೆ ಬಂತು. "ಅಷ್ಟೇನಾ? ಎಮ್ಯುಲೇಟರ್ ಅಂತ ಐತ್ರಿ. ಹೊಸ ಮಷೀನು ಹಳೇದರ ವೇಷ ಹಾಕತೈತಿ. ಎರಡು ದಿನದಾಗ ಓಡಸ್ತೇನಿ."

ಓಡಿತು ಕೂಡ! ಹಸಿರು ಅಕ್ಷರ ಕಂಡು ಹಮೀದಾಕ ನನಗೆ ಎರಡು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಸಿದರು. ಮುಂದಿನ ವಾರ ಮ್ಯಾನೇಜರ್ ಕಂಪ್ಯೂಟರಿನ ದಾಸ್ತಾನು ಪಟ್ಟಿ ನೋಡಿ, ಅಹ್ಮದಿ ಊರಿನ ಗಿರಾಕಿಗೆ ಅರವತ್ತು ವಾಲ್ವು ಕೊಡಲು ಒಪ್ಪಿಕೊಂಡರು. ಗೋದಾಮಿನಲ್ಲಿದ್ದದ್ದು ಹನ್ನೆರಡು.

"ಎಂತ ಮಾಡುದು ಮಾರಾಯ? ಮೊದಲು ಸೇವ್ ಒತ್ತಿದರೆ ಫ್ಲಾಪಿ ಟರ್ರ್ ಅಂತಿತ್ತು. ಈಗ ಶಬ್ದವೇ ಇಲ್ಲ. ಆಯ್ತಾ ಇಲ್ವಾ ಗೊತ್ತಾಗದೆ ಐದು ಸರ್ತಿ ಒತ್ತಿದೆ" ಅಂದರು ಹಮೀದಾಕ.

ಐದು ಸಲ ಒತ್ತಿದ್ದಕ್ಕೆ ಹನ್ನೆರಡು ವಾಲ್ವು ಐದು ಸಲ ದಾಖಲಾಗಿದ್ದವು.

"ಸದ್ದಿಲ್ಲದಿದ್ರೂ ಸೇವ್ ಆಗತೈತ್ರಿ, ಕಾಕಾ."

"ನೀನು ಹೇಳ್ತೀಯ. ಅದು ಹೇಳುದಿಲ್ಲವಲ್ಲ!"

"ಇನ್ನೊಂದು ತಪ್ಪಾದರೆ ಹಮೀದನ ಟಿಕೆಟ್ ನಾನೇ ಬುಕ್ ಮಾಡ್ತೇನೆ" ಎಂದು ಮ್ಯಾನೇಜರ್ ಗುಡುಗಿದರು. ಸದ್ದು ಬೇಕೇ ಬೇಕಿತ್ತು, ಸದ್ದು ಮಾಡುವ ಯಂತ್ರವೋ ಸತ್ತಿತ್ತು. ಕೊನೆಗೆ ಮೈಕಿನ ಮುಂದೆ ನಾನೇ ಕೂತೆ.

"ಟರ್ರ್..."

"ಅದು ಆಟೋರಿಕ್ಷಾ. ಸ್ವಲ್ಪ ಗಂಟಲಿಂದ ಬರ್ಲಿ. ಕಡೆಗೆ ಒಂದು ಟಕ್ ಉಂಟು."

"ಟರ್ರ್... ಟಕ್!"

"ಈಗ ಬಂತು ನೋಡು! ಇನ್ನೊಮ್ಮೆ, ಸ್ವಲ್ಪ ಎಳೆದು."

ಹನ್ನೊಂದನೆಯ ಸಲಕ್ಕೆ ಹಮೀದಾಕ ಕಣ್ಣು ಮುಚ್ಚಿ ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದರು. ಸೇವ್ ಒತ್ತಿದಾಗಲೆಲ್ಲ ಆ ಸದ್ದು ಬರುವಂತೆ ಜೋಡಿಸಿದೆ. ತಿಂಗಳ ಕೊನೆಯ ಎಣಿಕೆಯಲ್ಲಿ ಒಂದು ಬೋಲ್ಟೂ ಹೆಚ್ಚುಕಮ್ಮಿಯಾಗಲಿಲ್ಲ. ಹಮೀದಾಕ ಉಳಿದರು. ಈಗ ದಿನಕ್ಕೆ ನೂರು ಸಲ ಗೋದಾಮಿನ ತುಂಬ ನನ್ನ ಗಂಟಲು ಟರ್ರೆನ್ನುತ್ತಿರುತ್ತದೆ.

ಹೊಸ ಮಷೀನು ವೇಷ ಹಾಕುತ್ತದೆ ಎಂದಿದ್ದೆ. ಹಾಕಿದವನು ನಾನು. ಮೊನ್ನೆ ಧಾರವಾಡದಿಂದ ಅವ್ವ ಫೋನಿನಲ್ಲಿ, "ಎಂಜಿನಿಯರಿಂಗ್ ಕಲತಿದ್ದಕ್ಕ ಅಲ್ಲೇನ್ ಕೆಲಸ ಕೊಟ್ಟಾರಪಾ?" ಅಂದಳು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಲೇಸೆಂದು "ಟರ್ರ್... ಟಕ್!" ಅಂದೆ.

"ಲೈನ್ ಕೆಟ್ಟೈತಿ, ಆಮ್ಯಾಲೆ ಮಾಡು" ಎಂದು ಅವ್ವ ಫೋನಿಟ್ಟಳು.